ಕಲ್ಲಿನಲ್ಲಿ ಅಕ್ಕಿ ಆರಿಸುತ್ತಿದ್ದ ಪೋಸ್ಟ್‌ಮಾಸ್ಟರ್

ಅವರ ಕೀಬೋರ್ಡಿನ ಸಂದಿಗಳಲ್ಲಿ ಯಾವಾಗಲೂ ವಿಭೂತಿಯ ಪುಡಿ ಇರುತ್ತಿತ್ತು. ಬೆಳಗ್ಗೆ ಹಣೆಯ ತುಂಬ ಮೂರು ಪಟ್ಟೆ ಎಳೆದುಕೊಂಡು ಬರುತ್ತಿದ್ದರು. ಚೆನ್ನೈನ ಬೆವರಿಗೆ ಅದು ಬಸ್ಸಿನಲ್ಲೇ ಅರ್ಧ ಇಳಿದಿರುತ್ತಿತ್ತು. ಉಳಿದದ್ದು ಆಫೀಸಿನ ಎ.ಸಿ. ಗಾಳಿಗೆ ಒಣಗಿ, ಅವರು ಪರದೆಯ ಕಡೆ ಬಗ್ಗಿದಾಗಲೆಲ್ಲ ಚೂರು ಚೂರೇ ಉದುರುತ್ತಿತ್ತು. ಕೆಳಬಾಣದ ಕೀಲಿಯೊಂದರ ಮೇಲೆ ಮಾತ್ರ ಪುಡಿ ನಿಲ್ಲುತ್ತಿರಲಿಲ್ಲ. ದಿನಕ್ಕೆ ಅದನ್ನು ಅವರು ಎಷ್ಟು ಸಲ ಒತ್ತುತ್ತಿದ್ದರೆಂದರೆ, ಅದರ ಮೇಲಿನ ಬಾಣದ ಗುರುತೇ ಅಳಿಸಿಹೋಗಿತ್ತು.

ಆಫೀಸಿನಲ್ಲಿ ಎಲ್ಲರೂ ಅವರನ್ನು ಪೋಸ್ಟ್‌ಮಾಸ್ಟರ್ ಎಂದೇ ಕರೆಯುತ್ತಿದ್ದರು. ಪ್ರತಿಯೊಂದು ಮೇಲ್ ಸರ್ವರ್‌ನಲ್ಲೂ ಆ ಹೆಸರಿನ ಒಂದು ವಿಳಾಸ ಇರಲೇಬೇಕೆಂಬುದು ನಮ್ಮ ಕಸುಬಿನ ಹಳೆಯ ಕಟ್ಟಳೆ. ಯಾರದಾದರೂ ಮೇಲ್ ತಲುಪದಿದ್ದರೆ ದೂರು ಆ ವಿಳಾಸಕ್ಕೆ ಬರುತ್ತದೆ. ಎಷ್ಟೋ ಕಡೆ ಆ ಪೆಟ್ಟಿಗೆಯನ್ನು ಯಾರೂ ತೆರೆದು ನೋಡುವುದಿಲ್ಲ. ನಮ್ಮಲ್ಲಿ ಇವರು ನೋಡುತ್ತಿದ್ದರು, ಅಷ್ಟೇ ಅಲ್ಲ, ಬಂದ ಪ್ರತಿ ದೂರಿಗೂ ಉತ್ತರ ಬರೆಯುತ್ತಿದ್ದರು.

ನಮ್ಮದು ಪೆರುಂಗುಡಿಯ ಒಂದು ಸಣ್ಣ ಕಂಪನಿ. ದೊಡ್ಡ ಗಾಜಿನ ಕಟ್ಟಡಗಳ ಹಿಂದಿನ ಬೀದಿಯಲ್ಲಿ, ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿ. ಜವಳಿ ಅಂಗಡಿಗಳು, ಕಾಫಿಪುಡಿ ವ್ಯಾಪಾರಿಗಳು, ಎರಡು ಮೂರು ಶಾಲೆಗಳು, ಒಂದಿಷ್ಟು ಸಮಾಜಗಳು, ಹೀಗೆ ದೊಡ್ಡವರ ಕಣ್ಣಿಗೆ ಬೀಳದವರ ಮೇಲ್ ಎಲ್ಲ ನಮ್ಮ ಸರ್ವರ್ ಮೂಲಕವೇ ಹೋಗಿ ಬರುತ್ತಿತ್ತು. ಅವರಲ್ಲಿ ಬಹಳಷ್ಟು ಜನ ಕನ್ನಡದವರು. ಪೋಸ್ಟ್‌ಮಾಸ್ಟರರ ಅಜ್ಜನ ಕಾಲದಲ್ಲಿ ದಾವಣಗೆರೆ ಕಡೆಯಿಂದ ಜವಳಿ ವ್ಯಾಪಾರಕ್ಕೆಂದು ಬಂದ ಶಿವಭಕ್ತ ಮನೆತನಗಳವರು. ಒಬ್ಬರು ಬಂದರು, ಅವರ ಷಡ್ಡಕ ಬಂದ, ಷಡ್ಡಕನ ಬೀಗರು ಬಂದರು. ನಮ್ಮ ಕಂಪನಿಗೆ ಜಾಹೀರಾತು ಬೇಕಾಗಿರಲಿಲ್ಲ.

ನಾನು ಮಂಡ್ಯದವಳು. ಗಂಡನಿಗೆ ಶೋಳಿಂಗನಲ್ಲೂರಿನಲ್ಲಿ ಕೆಲಸ, ಮನೆ ತಾಂಬರಂನಲ್ಲಿ. ತಮಿಳು ಎಂದರೆ ಆಗ ನನಗೆ ಕಿವಿಗೆ ಬಿದ್ದು ಹಾಗೇ ಜಾರಿಹೋಗುವ ಶಬ್ದ. ಸಂದರ್ಶನಕ್ಕೆ ಹೋದಾಗ ಇವರು ನನ್ನ ಕಾಗದಪತ್ರ ನೋಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, "ಊರ್ ಯಾವ್ದು ಮಾ?" ಎಂದರು. ಮಂಡ್ಯ ಎಂದೆ. "ಅಯ್ಯೋ, ನಮ್ಮೂರ್ ಪೊಣ್ಣು, ನಮ್ಮೂರ್ ಹುಡ್ಗಿ!" ಎಂದು ಖುಷಿಯಿಂದ ಮೇಜು ತಟ್ಟಿದರು. ಆಮೇಲೆ ತಿಳಿಯಿತು, ಅವರು ಮಂಡ್ಯವನ್ನು ರೈಲಿನ ಕಿಟಕಿಯಿಂದ ಒಂದು ಸಲ ಮಾತ್ರ ನೋಡಿದ್ದರು. ಓದಿದ್ದೆಲ್ಲ ತಮಿಳು, ಇಂಗ್ಲಿಷಿನಲ್ಲಿ. ಕನ್ನಡದ ಅಕ್ಷರಗಳನ್ನು ಮನೆಯಲ್ಲಿ ಅವರ ಅಕ್ಕ ಸ್ಲೇಟಿನ ಮೇಲೆ ತಿದ್ದಿಸಿದ್ದರಂತೆ. ಮದುವೆಯಾಗದ ಇವರೂ ಗಂಡ ತೀರಿಕೊಂಡ ಆ ಅಕ್ಕನೂ ತಾಂಬರಂನ ಒಂದೇ ಮನೆಯಲ್ಲಿ ಇದ್ದರು. ಶಾಲೆಯಲ್ಲಿ ಸಿಗದೆ ಮನೆಯಲ್ಲೇ ಕಲಿತದ್ದಕ್ಕೋ ಏನೋ, ನನ್ನಂಥವಳಿಗೆ ಇಲ್ಲದ ಅಕ್ಕರೆ ಅವರಿಗೆ ಆ ಅಕ್ಷರಗಳ ಮೇಲಿತ್ತು. ನನಗೆ ಪಕ್ಕದ ಕುರ್ಚಿಯಿಂದ ಮೇಲ್ ಬರೆದರೂ ಕನ್ನಡದಲ್ಲೇ ಬರೆಯುತ್ತಿದ್ದರು. ಓದಿದ ಮೇಲೆ "ಸಿಕ್ತು" ಎಂದು ಒಂದು ಮಾತು ಬರೆಯಲೇಬೇಕು. ಬರೆಯದಿದ್ದರೆ ಕುರ್ಚಿ ತಿರುಗಿಸಿ, "ಸಿಕ್ತಾ ಇಲ್ಲವಾ?" ಎಂದು ಬಾಯಲ್ಲೇ ಕೇಳುತ್ತಿದ್ದರು.

ಅವರ ದಿನ ಶುರುವಾಗುತ್ತಿದ್ದುದು ಕಸದಿಂದ. ಸ್ಪ್ಯಾಮ್ ಫಿಲ್ಟರ್ ಎಂಬುದು ಬಾಗಿಲಲ್ಲಿ ನಿಂತ ಕಾವಲುಗಾರ. ಬಂದ ಪ್ರತಿ ಮೇಲನ್ನೂ ಸರ್ವರ್ ಅವನ ಕೈಗೆ ಕೊಟ್ಟು, ಇದು ಕಸವೋ ಕಾಗದವೋ ಎಂದು ಕೇಳುತ್ತದೆ. ಅವನು ಕಸ ಎಂದದ್ದು ಒಂದು ಬೇರೆ ಪೆಟ್ಟಿಗೆಗೆ ಬೀಳುತ್ತದೆ. ಆ ಪೆಟ್ಟಿಗೆಯನ್ನು ಜನ ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಖಾಲಿ ಮಾಡುತ್ತಾರೆ. ಇವರು ದಿನಾ ಬೆಳಗ್ಗೆ ಎಂಟಕ್ಕೆ, ಅಕ್ಕ ಕಟ್ಟಿಕೊಟ್ಟ ಫ್ಲಾಸ್ಕಿನ ಕಾಫಿ ಪಕ್ಕಕ್ಕಿಟ್ಟುಕೊಂಡು, ಒಂದೊಂದನ್ನೇ ತೆರೆದು ನೋಡುತ್ತಿದ್ದರು. ಭಾನುವಾರವೂ ಬರುತ್ತಿದ್ದರು. "ಬಾ ಮಾ, ಆರಿಸೋಣ" ಎನ್ನುತ್ತಿದ್ದರು. "ಮನೇಲಿ ಅಕ್ಕ ಅಕ್ಕಿಯಲ್ಲಿ ಕಲ್ಲು ಆರಿಸ್ತಾರೆ. ನಾನು ಇಲ್ಲಿ ಕಲ್ಲಲ್ಲಿ ಅಕ್ಕಿ ಆರಿಸ್ತೀನಿ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸೇರಿದ ಮೊದಲ ವಾರವೇ, ಅವರು ರಜೆಯಲ್ಲಿದ್ದ ದಿನ, ಲಾಟರಿ, ಸಾಲ, ಬೊಕ್ಕತಲೆಗೆ ಎಣ್ಣೆ ಎಂದು ಒಂದರ ಮೇಲೊಂದು ನೋಡಿ ಬೇಸತ್ತು, ಇಡೀ ಪೆಟ್ಟಿಗೆಯನ್ನು ಒಂದೇ ಏಟಿಗೆ ಅಳಿಸಿಬಿಟ್ಟೆ. ಮರುದಿನ ಅವರು ಬೈಯಲಿಲ್ಲ. ಬ್ಯಾಕಪ್‌ನಿಂದ ಅದಷ್ಟನ್ನೂ ಹೊರತೆಗೆದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊಟದ ಹೊತ್ತಿನ ತನಕ ಕೆಳಬಾಣ ಒತ್ತಿದರು. ಕೊನೆಗೆ ಒಂದು ಕನ್ನಡದ ಮೇಲ್ ಸಿಕ್ಕಿತು. ಯಾರೋ ಹಳೆಯ ಗಿರಾಕಿ, ಮನೆ ಬದಲಾಯಿಸಿದ್ದೇನೆ, ಕಾಫಿಪುಡಿ ಹೊಸ ವಿಳಾಸಕ್ಕೆ ಕಳಿಸಿ ಎಂದು ಬರೆದಿದ್ದರು.

"ಇಷ್ಟಕ್ಕಾ ಸರ್? ಕಾಫಿಪುಡಿಗೆ ಅರ್ಧ ದಿನ ಹೋಯ್ತಲ್ಲ!" ಎಂದೆ.

"ಕಾಪಿಪುಡಿ ಆದ್ರೆ ಏನ್ ಮಾ? ಬರೆದವನು ಕಾಯ್ತಾ ಇರ್ತಾನಲ್ಲ."

ಕನ್ನಡದ ಮೇಲ್‌ಗಳು ಕಸಕ್ಕೆ ಬೀಳುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮ ಫಿಲ್ಟರ್ ಹೊರದೇಶದವರು ಮಾಡಿದ್ದು. ಅದಕ್ಕೆ ಕನ್ನಡದ ಅಕ್ಷರ ಕಂಡರೆ ಅನುಮಾನ. ಪೋಸ್ಟ್‌ಮಾಸ್ಟರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಜವಳಿ ವ್ಯಾಪಾರಿಯೊಬ್ಬರ ತಂಗಿಯ ಮಗನಿಗೆ ಬಂದ ಸಂಬಂಧದ ಮೇಲ್ ಒಂದು ಹೀಗೇ ಕಸಕ್ಕೆ ಬಿದ್ದಿತ್ತಂತೆ. ಉತ್ತರ ಬಾರದ್ದನ್ನು ಹೆಣ್ಣಿನ ಕಡೆಯವರು ಒಲ್ಲೆ ಎಂದು ತಿಳಿದರು. ಆ ವ್ಯಾಪಾರಿ ಆಫೀಸಿಗೆ ಬಂದು, ಮನುಷ್ಯರನ್ನು ಬಿಟ್ಟು ಸರ್ವರ್ ಮುಂದೆ ನಿಂತು, ತಮಿಳಿನಲ್ಲಿ ಅದಕ್ಕೆ ಚೆನ್ನಾಗಿ ಉಗಿದು ಹೋದರಂತೆ. ಅಂದಿನಿಂದ ಇವರು ಒಂದು ಪಟ್ಟಿ ಶುರುಮಾಡಿದ್ದರು. ಕಸದಿಂದ ಆರಿಸಿದ ಪ್ರತಿ ಕನ್ನಡ ಮೇಲ್‌ನಿಂದ ನಾಲ್ಕೈದು ಮಾತು ಹೆಕ್ಕಿ, ಈ ಮಾತುಗಳಿದ್ದರೆ ಒಳಗೆ ಬಿಡು ಎಂದು ಫಿಲ್ಟರ್‌ಗೆ ಬರೆದುಕೊಡುತ್ತಿದ್ದರು. ತಮಿಳಿಗೂ ಮಾಡಬಾರದೇ ಎಂದು ನಾನು ಒಮ್ಮೆ ಕೆಣಕಿದೆ. "ತಮಿಳಿಗೆ ಊರೆಲ್ಲಾ ಇದೆ. ಇಲ್ಲಿ ಕನ್ನಡಕ್ಕೆ ಯಾರಿದ್ದಾರೆ, ನಾನೂ ನೀನೂ ದಾನ್, ಇಬ್ರೇ" ಎಂದರು.

ಅವರ ಗಂಟಲು ಕೆಟ್ಟದ್ದು ನಮಗೆ ನಿಧಾನವಾಗಿ ಗೊತ್ತಾಯಿತು. ಮೊದಲು ದನಿ ಒಡೆಯಿತು. ಶುಂಠಿ, ಕರಿಮೆಣಸಿನ ಕಷಾಯ ಎಂದು ಕುಡಿದರು. ಆಮೇಲೆ ಗಡ್ಡೆ ಎಂದರು, ಆಮೇಲೆ ಆಪರೇಷನ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಮಾತು ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ಅವರು ನನಗೆ ಬಸ್ಸಿನಲ್ಲಿ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. "ಇನ್ಮೇಲೆ ಬೈಯೋದೂ ಮೇಲ್‌ನಲ್ಲೇ ಮಾ" ಎಂದು ಅವರೇ ನಕ್ಕರು.

ಫೋನಿನ ಮೆಸೇಜುಗಳನ್ನು ಅವರು ನಂಬುತ್ತಿರಲಿಲ್ಲ. "ಅದ್ರಲ್ಲಿ ಲಾಗ್ ಎಲ್ಲಿದೆ? ಕಳಿಸಿದ್ದು ಎಲ್ಲಿ ನಿಂತಿದೆ ಅಂತ ಹೆಂಗ್ ಹುಡ್ಕೋದು?" ಎನ್ನುತ್ತಿದ್ದರು. ಆದ್ದರಿಂದ ಆಸ್ಪತ್ರೆಯಿಂದಲೂ ಮೇಲನ್ನೇ ಬರೆಯುವುದೆಂದು ನಿಶ್ಚಯವಾಯಿತು. ಆದರೆ ಹೊರಗಿನಿಂದ ಯಾರೂ ನಮ್ಮ ಸರ್ವರ್‌ಗೆ ಲಾಗಿನ್ ಆಗಬಾರದೆಂಬ ನಿಯಮ ಅವರೇ ಮಾಡಿದ್ದು, ತಮಗೂ ಅದರಿಂದ ವಿನಾಯಿತಿ ಕೊಟ್ಟುಕೊಳ್ಳಲಿಲ್ಲ. ತಮ್ಮದೊಂದು ಹೊರಗಿನ ವಿಳಾಸದಿಂದ, ಯಾವನೋ ಅಪರಿಚಿತನ ಹಾಗೆ, ಫಿಲ್ಟರ್ ದಾಟಿಕೊಂಡೇ ನನಗೆ ಬರೆಯಬೇಕಾಗಿತ್ತು. ಫಿಲ್ಟರ್‌ನ ಬೆಳಗಿನ ವರದಿ ದಿನಾ ಆ ವಿಳಾಸಕ್ಕೂ ಹೋಗುವಂತೆ ಏರ್ಪಾಟು ಮಾಡಿಕೊಂಡರು.

ಹೋಗುವ ಮುಂಚಿನ ವಾರವೆಲ್ಲ ತಲೆ ತಗ್ಗಿಸಿ ಏನನ್ನೋ ಟೈಪ್ ಮಾಡುತ್ತಲೇ ಇದ್ದರು. ನಾನು ಕೇಳಲಿಲ್ಲ. ಗುರುವಾರ ಸಂಜೆ ಫಿಲ್ಟರನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಿ, ಫ್ಲಾಸ್ಕು ಚೀಲಕ್ಕೆ ಹಾಕಿಕೊಂಡು ಎದ್ದರು. ಒಡೆದ ದನಿಯಲ್ಲಿ, "ಆರಿಸೋದ್ ಮಾತ್ರ ಬಿಡ್ಬೇಡ ಮಾ. ನಾನ್ ವಾಪಸ್ ಬರೋವರ್ಗೂ ನಮ್ ಸರ್ವರ್ ನಿಲ್ಬಾರ್ದು, ಅಷ್ಟೇ" ಎಂದರು. ಅವರ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು.

ಶುಕ್ರವಾರ, ಶನಿವಾರ ಮೇಲ್ ಕಡಿಮೆ ಇತ್ತು, ಹೇಗೋ ನಡೆಯಿತು. ಸೋಮವಾರ ಬೆಳಗ್ಗೆಯಿಂದ ಮೇಲ್ ನಿಲ್ಲತೊಡಗಿತು. ಕಾವಲುಗಾರ ತನ್ನ ತೀರ್ಪನ್ನು ಐದು ನಿಮಿಷದೊಳಗೆ ಹೇಳಬೇಕೆಂಬುದು ಲೆಕ್ಕ. ಹೇಳದಿದ್ದರೆ ಅದಕ್ಕೆ ಟೈಮ್‌ಔಟ್ ಎನ್ನುತ್ತಾರೆ. ಆಗ ಸರ್ವರ್, ಈಗ ಆಗಲ್ಲ, ಆಮೇಲೆ ಬಾ ಎಂದು ಕಳಿಸಿದವರನ್ನು ಸಾಗಹಾಕುತ್ತದೆ. ಅವರು ಒಂದಿಷ್ಟು ಹೊತ್ತು ಬಿಟ್ಟು ಅದೇ ಮೇಲ್ ಹಿಡಿದುಕೊಂಡು ಮತ್ತೆ ಬರುತ್ತಾರೆ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎನ್ನುವ ಹಾಗೆ, ಹೊಸದಾಗಿ ಬಂದವೂ ಮರಳಿ ಬಂದವೂ ಸೇರಿ ಬಾಗಿಲಲ್ಲಿ ಜಾತ್ರೆಯಾಯಿತು. ಲಾಗಿನಲ್ಲಿ ಟೈಮ್‌ಔಟ್, ಟೈಮ್‌ಔಟ್ ಎಂಬ ಒಂದೇ ಸಾಲು. ಶಾಲೆಯವರು ಫೋನ್ ಮಾಡಿದರು, ಜವಳಿಯವರು ಮಾಡಿದರು, ಎಲ್ಲರೂ ಕೇಳಿದ್ದು ಒಂದೇ ಮಾತು, "ಪೋಸ್ಟ್‌ಮಾಸ್ಟರ್ ಇಲ್ಲವಾ?"

ಮಂಗಳವಾರ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರಿಗೆ ಈ ಹಳೆಯ ಸರ್ವರ್ ಯಾವತ್ತೂ ಬೇಕಾಗಿರಲಿಲ್ಲ. ಎಲ್ಲವನ್ನೂ ದೊಡ್ಡ ಕಂಪನಿಯೊಂದಕ್ಕೆ ವಹಿಸಿ ಕೈತೊಳೆದುಕೊಳ್ಳುವ ಆಸೆ ಬಹಳ ದಿನದಿಂದ ಇತ್ತು. "ವೆಳ್ಳಿಕ್ಕಿಳಮೈ ಸಾಯಂಕಾಲಂ ವರೈಕ್ಕುಂ ದಾನ್" ಎಂದರು. ಶುಕ್ರವಾರ ಸಂಜೆಯವರೆಗೆ ಮಾತ್ರ ಗಡುವು. ಆಮೇಲೆ ಸರ್ವರ್ ಬಂದ್. ಹಾಗಾದರೆ ಆಸ್ಪತ್ರೆಯಲ್ಲಿರುವವರು ವಾಪಸ್ ಬಂದು ಏನು ಮಾಡುತ್ತಾರೆ ಎಂದು ನಾನು ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. ಕೆಟ್ಟವರಲ್ಲ.

ನಾನು ಆ ನಾಲ್ಕು ದಿನ ಮಾಡಿದ್ದನ್ನೆಲ್ಲ ಈಗ ನೆನೆದರೆ ನಗು ಬರುತ್ತದೆ, ಆಗ ಅಳು ಬರುತ್ತಿತ್ತು. ಮೆಮೊರಿ ಸಾಲದು ಎಂದುಕೊಂಡೆ, ಸಾಕಷ್ಟಿತ್ತು. ಯಾರು ಮೋಸಗಾರರು ಎಂದು ಹೇಳುವ ಬ್ಲ್ಯಾಕ್‌ಲಿಸ್ಟುಗಳನ್ನು ಹೊರದೇಶದಲ್ಲಿ ಯಾರ್‍ಯಾರೋ ನಡೆಸುತ್ತಾರೆ. ಫಿಲ್ಟರ್ ಪ್ರತಿ ಸಲ ಅವರನ್ನು ಕೇಳುತ್ತದೆ. ಅವುಗಳಲ್ಲಿ ಯಾವುದಾದರೂ ಮುಚ್ಚಿಹೋಗಿದ್ದರೆ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಾ ಕೂರುತ್ತದೆ. ಅದೇ ಇರಬೇಕೆಂದು ಒಂದೊಂದನ್ನೇ ಪರೀಕ್ಷಿಸಿದೆ, ಎಲ್ಲವೂ ಬದುಕಿದ್ದವು. ಬುಧವಾರ ನನ್ನ ಬುದ್ಧಿ ಪೂರ್ತಿ ಕೈಕೊಟ್ಟಿತು. ಐದು ನಿಮಿಷ ಸಾಲದಿದ್ದರೆ ಹತ್ತು ನಿಮಿಷ ಕೊಡೋಣ ಎಂದು ಗಡುವು ಹೆಚ್ಚಿಸಿದೆ. ಅಳಿಯ ಅಲ್ಲ, ಮಗಳ ಗಂಡ. ಐದು ನಿಮಿಷ ಅಡ್ಡಗಟ್ಟುತ್ತಿದ್ದ ಮೇಲ್ ಈಗ ಹತ್ತು ನಿಮಿಷ ಅಡ್ಡಗಟ್ಟಿತು, ಹಿಂದಿನ ಸಾಲು ಎರಡರಷ್ಟಾಯಿತು.

ಪೋಸ್ಟ್‌ಮಾಸ್ಟರರಿಗೆ ಸೋಮವಾರವೇ ಬರೆದಿದ್ದೆ. ಉತ್ತರ ಬರಲಿಲ್ಲ. ಮಂಗಳವಾರ ಬರೆದೆ, ಬುಧವಾರ ಬರೆದೆ. ಅಕ್ಕನಿಗೆ ಫೋನ್ ಮಾಡಿದರೆ, "ಅವನು ಕೂತ್ಕೊಂಡು ಉದ್ದುದ್ದ ಲೆಟರ್ ಬರೀತಾನೇ ಇದ್ದಾನಲ್ಲ ಮಾ, ನಿನಗೆ ದಾನೇ ಬರೀತಿರೋದು? ಒಳಗೆ ಇನ್ನೂ ಯಾರ್‍ನೂ ಬಿಡೋದಿಲ್ಲ, ಬಿಡೋವಾಗ ಹೇಳ್ತೀವಿ" ಎಂದರು. ಆಗ ನನಗೆ ಹೊಳೆಯಿತು. ಅವರು ಉತ್ತರ ಬರೆಯುತ್ತಲೇ ಇದ್ದಾರೆ. ಆ ಉತ್ತರಗಳು ನಮ್ಮ ಬಾಗಿಲಲ್ಲೇ ನಿಂತಿವೆ. ಮಾತಿಲ್ಲದ ಮನುಷ್ಯನಿಗೆ ಇದ್ದ ಒಂದೇ ಬಾಯಿ ಈ ಸರ್ವರ್, ಅದು ಮುಚ್ಚಿಕೊಂಡಿದೆ, ಅದನ್ನು ತೆರೆಯುವುದು ಹೇಗೆಂದು ಅದೇ ಬಾಯಿ ಹೇಳಬೇಕು.

ಗುರುವಾರ ಬೆಳಗ್ಗೆ, ಬಾಗಿಲಲ್ಲಿ ನೂಕುನುಗ್ಗಲು ಸ್ವಲ್ಪ ತಗ್ಗಿದಾಗ, ಅವರು ಸೋಮವಾರ ಬರೆದ ಮೇಲ್ ಒಂದು ಹೇಗೋ ನುಸುಳಿ ಒಳಗೆ ಬಂತು. ಮೊದಲರ್ಧ ಆಸ್ಪತ್ರೆಯ ಇಡ್ಲಿಯ ಮೇಲಿನ ದೂರು, ಅದೂ ಮೂಗಿನ ನಳಿಗೆಯಲ್ಲಿ ಗಂಜಿ ಕುಡಿಯುತ್ತಿದ್ದವರು ಪಕ್ಕದ ಹಾಸಿಗೆಯವನ ಪರವಾಗಿ ಹೇಳಿದ್ದು. ಕೊನೆಗೆ ಹೀಗಿತ್ತು: "ಯಾಕೆ ನಿಲ್ತಿದೆ ಅಂತ ಹುಡುಕ್ಬೇಡ. ಯಾವ ಲೆಟರ್ ನಿಲ್ತಿದೆ ಅಂತ ಮೊದ್ಲು ನೋಡು. ಯಾಕೆ ಅನ್ನೋದು ಅಪ್ಪುರಂ, ಆಮೇಲೆ."

ನೋಡಿದೆ. ಎಲ್ಲರ ಮೇಲ್‌ಗಳೂ ತಡವಾಗುತ್ತಿದ್ದವು ನಿಜ. ಆದರೆ ಟೈಮ್‌ಔಟ್ ಆಗಿ ಹಿಂದಕ್ಕೆ ಹೋಗುತ್ತಿದ್ದವು ಮಾತ್ರ ಒಂದೇ ಜಾತಿಯವು. ಒಂದೂ ಬಿಡದೆ ಎಲ್ಲವೂ ಕನ್ನಡದವು, ಉದ್ದವಾಗಿದ್ದಷ್ಟೂ ಹೆಚ್ಚು ಕಷ್ಟ. ಬೇರೆಯವು ಅವುಗಳ ಹಿಂದೆ ಸಿಕ್ಕಿಕೊಂಡು ನರಳುತ್ತಿದ್ದವು. ಕನ್ನಡದ ಮೇಲ್‌ಗೆ ಮಾತ್ರ ಫಿಲ್ಟರ್ ಏನು ಮಾಡುತ್ತದೆ ಎಂದು ಹುಡುಕಿದೆ. ಪೋಸ್ಟ್‌ಮಾಸ್ಟರರ ಪಟ್ಟಿ ತೆರೆದುಕೊಂಡಿತು.

ನಾಲ್ಕೈದು ಮಾತುಗಳಿಂದ ಶುರುವಾದ ಪಟ್ಟಿ ಮುಗಿಯುತ್ತಲೇ ಇರಲಿಲ್ಲ. ಹಳೆಯ ಭಾಗ ಮೇಲ್‌ಗಳಿಂದ ಹೆಕ್ಕಿದ್ದು, ಲಗ್ನಪತ್ರಿಕೆ, ಸೀಮಂತ, ಕ್ಷೇಮ, ತಲುಪಿದೆ, ರೇಷ್ಮೆ, ಮೀಟರು, ಬಾಕಿ. ಅದಾದ ಮೇಲೆ ಕಳೆದ ವಾರ ಸೇರಿಸಿದ್ದು. ತಾವಿಲ್ಲದಾಗ ಯಾರ ಮೇಲ್ ಕೂಡ ಕಸಕ್ಕೆ ಬೀಳಬಾರದೆಂದು, ತಮಗೆ ನೆನಪಾದ ಕನ್ನಡವನ್ನೆಲ್ಲ ಅವರು ಅಲ್ಲಿ ಸುರಿದಿದ್ದರು. ದೊಡ್ಡಪ್ಪ, ದೊಡ್ಡವ್ವ, ಕಾಕಾ, ಅತ್ತೆ. ಜ್ವರ, ಕೆಮ್ಮು, ಗಂಟಲು, ಆಪರೇಷನ್. ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಭರಣಿ. ಬಂದುಬಿಡು, ಬೇಗ ಬಾ, ಯಾವಾಗ ಬರ್ತೀಯ. ಹುಟ್ಟಿದ, ಹುಟ್ಟಿದಳು, ಲಿಂಗೈಕ್ಯರಾದರು. ಜನ ಟೈಪ್ ಮಾಡುವಾಗ ತಪ್ಪಿದರೂ ಸಿಗಲಿ ಎಂದು ಪ್ರತಿ ಮಾತಿಗೂ ಹತ್ತು ಬಗೆ. ಒಂದು ಕನ್ನಡ ಮೇಲ್ ಬಂದರೆ ಫಿಲ್ಟರ್ ಇದಷ್ಟನ್ನೂ ಅದರ ಪ್ರತಿ ಸಾಲಿನಲ್ಲೂ ಹುಡುಕಬೇಕು. ಪಾಪದ್ದು ಹುಡುಕುತ್ತಲೇ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಬೇಲಿ ಹಾಕಿದವರ ಪ್ರೀತಿ ಅಷ್ಟು ದಟ್ಟವಾಗಿತ್ತು, ಒಂದು ಕರುವೂ ಒಳಗೆ ನುಗ್ಗಲಾಗದಷ್ಟು.

ಅರ್ಧ ಪಟ್ಟಿ ತೆಗೆದು ನೋಡಿದೆ, ಸಾಲಲಿಲ್ಲ. ಮುಕ್ಕಾಲು ತೆಗೆದೆ, ಆಗಲೂ ತಡೆಯುತ್ತಿತ್ತು. ಯಾವ ಮಾತು ಇರಲಿ, ಯಾವುದು ಹೋಗಲಿ ಎಂದು ಆರಿಸುತ್ತಾ ಕೂರಲು ನನಗೆ ಸಮಯವಿರಲಿಲ್ಲ, ಆ ಯೋಗ್ಯತೆಯೂ ಇರಲಿಲ್ಲ. ನಕಲೊಂದನ್ನು ಎತ್ತಿಟ್ಟುಕೊಂಡು, ಶುಕ್ರವಾರ ಬೆಳಗ್ಗೆ ಇಡೀ ಪಟ್ಟಿಯನ್ನು ತೆಗೆದುಹಾಕಿದೆ. ಹತ್ತೇ ನಿಮಿಷದಲ್ಲಿ ಬಾಗಿಲಿನ ಜಾತ್ರೆ ಕರಗಿತು. ಮ್ಯಾನೇಜರ್ ಸಂಜೆ ಬಂದು ಪರದೆ ನೋಡಿ, "ಸರಿ, ಓಡಟ್ಟುಂ", ಓಡಲಿ ಬಿಡು, ಎಂದು ಹೋದರು. ಸರ್ವರ್ ಉಳಿಯಿತು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಪೋಸ್ಟ್‌ಮಾಸ್ಟರರಿಗೆ ನಿಜ ಹೇಳಲು ಧೈರ್ಯ ಬರಲಿಲ್ಲ. ಗಂಟಲಿನ ಆಪರೇಷನ್ ಮಾಡಿಸಿಕೊಂಡು ಮಲಗಿರುವವರಿಗೆ, ನಿಮ್ಮ ಇಷ್ಟು ವರ್ಷದ ಪಟ್ಟಿಯೇ ಎಲ್ಲರ ಮೇಲ್ ನಿಲ್ಲಿಸಿತು ಎಂದು ಹೇಗೆ ಬರೆಯಲಿ? "ಒಂದು ಬ್ಲ್ಯಾಕ್‌ಲಿಸ್ಟ್ ಸತ್ತುಹೋಗಿತ್ತು ಸರ್, ಅದನ್ನು ತೆಗೆದೆ, ಈಗ ಸರಿಯಾಗಿದೆ" ಎಂದು ಬರೆದೆ. ಅವರು ವಾಪಸ್ ಬಂದ ಮೇಲೆ ಇಬ್ಬರೂ ಕೂತು ಪಟ್ಟಿಯನ್ನು ಸಣ್ಣದು ಮಾಡಿ ಮತ್ತೆ ಹಾಕಿದರಾಯಿತು ಎಂದುಕೊಂಡೆ.

ಮುಂದಿನ ವಾರ ನಾನು ಆರಿಸಲಿಲ್ಲ. ಇದನ್ನು ಬರೆಯುವುದು ನನಗೆ ಕಷ್ಟ, ಆದರೂ ಬರೆಯುತ್ತೇನೆ. ಸೋಮವಾರ ಕಸದ ಪೆಟ್ಟಿಗೆ ನೋಡಿದೆ, ಬೆಟ್ಟದಷ್ಟಿತ್ತು. ಹಿಂದಿನ ವಾರದ ದಣಿವು ಇನ್ನೂ ಮೈಯಲ್ಲಿತ್ತು. ನಾಳೆ ಎಂದೆ. ಮಂಗಳವಾರ ಮತ್ತೆ ನಾಳೆ ಎಂದೆ. ಯಾರೂ ದೂರು ಕೊಟ್ಟಿರಲಿಲ್ಲ. ಅವರಿಂದ ಉತ್ತರ ಬಂದಿರಲಿಲ್ಲ ಎನ್ನುವುದು ಗಮನಕ್ಕೆ ಬಂದಿತ್ತು. ಆದರೆ ಸುಳ್ಳು ಹೇಳಿದವಳಿಗೆ ಉತ್ತರ ಬಾರದಿದ್ದರೆ ಒಂದು ಬಗೆಯ ನೆಮ್ಮದಿ. ಸುಧಾರಿಸಿಕೊಳ್ಳುತ್ತಿದ್ದಾರೆ, ಒಳಗೆ ಬಿಡುವಾಗ ಹೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಗುರುವಾರ ಮಧ್ಯಾಹ್ನ ಅಕ್ಕ ಫೋನ್ ಮಾಡಿದರು. ಎರಡನೆಯ ಆಪರೇಷನ್ ಮಾಡಿದರಂತೆ, ರಕ್ತ ನಿಲ್ಲಲಿಲ್ಲವಂತೆ. ಎರಡನೆಯದೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಶುಕ್ರವಾರ ತಾಂಬರಂನ ಅವರ ಮನೆಗೆ ಹೋದೆ. ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಅವರಲ್ಲಿ ಹಾಗೇ ಪದ್ಧತಿ. ಹಣೆಯ ಮೇಲೆ ವಿಭೂತಿ ಅಚ್ಚುಕಟ್ಟಾಗಿತ್ತು, ಬೆವರಿಗೆ ಇಳಿದಿರಲಿಲ್ಲ. ಅದನ್ನು ಅಷ್ಟು ನೆಟ್ಟಗೆ ನಾನು ಎಂದೂ ನೋಡಿರಲಿಲ್ಲ. ಅಕ್ಕ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. ಅವರಿಗೆ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಯಾಕ್ ಮಾ ಬರ್ಲಿಲ್ಲ? ಬುಧವಾರ ಸಾಯಂಕಾಲ ಎಲ್ಲಾ ಬಾಗಲ್ನೇ ನೋಡ್ತಿದ್ದ. ಯಾರ್ ಬಂದ್ರೂ ತಲೆ ಎತ್ತೋನು. ನಾನು ಫೋನ್ ಮಾಡ್ಲಾ ಅಂತ ಕೇಳ್ದೆ, ವೇಂಡಾಂ ಅಂತ ಕೈ ಆಡಿಸ್ದ. ಲೆಟರ್ ಹಾಕಿದೀನಿ, ಬರ್ತಾಳೆ ಅಂತ ಸ್ಲೇಟಲ್ಲಿ ಬರ್ದು ತೋರಿಸ್ದ."

"ಯಾವ ಲೆಟರೂ ಬರ್ಲಿಲ್ಲ ಅಕ್ಕ" ಎಂದೆ. ಹೇಳುತ್ತಿದ್ದ ಹಾಗೆ, ಅದು ಎಲ್ಲಿ ಬಿದ್ದಿರಬೇಕೆಂದು ನನಗೆ ಗೊತ್ತಾಗಿಬಿಟ್ಟಿತು.

ಶನಿವಾರ ಬೆಳಗ್ಗೆ ಎಂಟಕ್ಕೆ ಆಫೀಸಿನ ಬೀಗ ತೆಗೆಸಿಕೊಂಡು ಹೋದೆ. ಅವರ ಕುರ್ಚಿಯಲ್ಲೇ ಕೂತೆ. ಹುಡುಕುವ ಜಾಗದಲ್ಲಿ ಅವರ ವಿಳಾಸ ಕೊಟ್ಟಿದ್ದರೆ ಒಂದು ಕ್ಷಣದ ಕೆಲಸ. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ, ಮೇಲಿನಿಂದ ಒಂದೊಂದೇ ನೋಡುತ್ತಾ ಇಳಿದೆ. ಲಾಟರಿ, ಸಾಲ, ಎಣ್ಣೆ. ಒಂದು ಶಾಲೆಯ ಕನ್ನಡ ಮೇಷ್ಟ್ರ ರಜೆ ಚೀಟಿ. ಯಾರದೋ ಮಗುವಿನ ತೊಟ್ಟಿಲ ಶಾಸ್ತ್ರ, ಅದು ಗುರುವಾರವೇ ಆಗಿಹೋಗಿತ್ತು. ಸೋಮವಾರದ ದಿನಾಂಕದ ಹತ್ತಿರ ಬಂದಾಗ ಸಿಕ್ಕಿತು.

"ನಮಸ್ಕಾರ ಮಾ. ಬೆಳಗಿನ ರಿಪೋರ್ಟ್ ನೋಡ್ದೆ. ಕಡೇ ಲೈನಲ್ಲಿ ಫಿಲ್ಟರ್‌ನಲ್ಲಿ ಎಷ್ಟು ರೂಲ್ ಇದೆ ಅಂತ ಇರುತ್ತೆ, ನೀನು ಅದನ್ನ ಮರ್ತಿದ್ದೀಯ. ಕೌಂಟ್ ದಬಕ್ ಅಂತ ಇಳಿದಿದೆ. ನನ್ನ ಪಟ್ಟಿ ತೆಗೆದಿದ್ದೀಯ. ಬ್ಲ್ಯಾಕ್‌ಲಿಸ್ಟ್ ಅಂತ ಚುಮ್ಮಾ ಹೇಳಿದ್ದೀಯ, ನಂಗೆ ಬೇಜಾರಾಗುತ್ತೆ ಅಂತ. ಬೇಜಾರಾಯ್ತು. ಒಂದು ಹೊತ್ತು ಇತ್ತು, ಅಪ್ಪುರಂ ಸರಿಹೋಯ್ತು. ಭಯದಲ್ಲಿ ನಾನೇ ಜಾಸ್ತಿ ತುಂಬಿಬಿಟ್ಟೆ. ನೀನು ಮಾಡಿದ್ದು ಕರೆಕ್ಟು.

ಗುರುವಾರ ಇನ್ನೊಂದು ಆಪರೇಷನ್. ಡಾಕ್ಟರ್ ಸರಿಯಾಗಿ ಏನೂ ಹೇಳ್ತಿಲ್ಲ. ಬುಧವಾರ ಸಾಯಂಕಾಲ ಐದು ಗಂಟೆಗೆ ಒಳಗೆ ಬಿಡ್ತಾರಂತೆ, ಒಂದ್ಸಲ ಬಂದ್ಬಿಟ್ಟು ಹೋಗು.

ಪಟ್ಟಿ ಇಲ್ಲ, ಅದಕ್ಕೆ ಈ ಲೆಟರೂ ಕಸದಲ್ಲೇ ಬೀಳುತ್ತೆ ಅಂತ ಗೊತ್ತು. ಪರವಾಗಿಲ್ಲ. ಬೆಳಗ್ಗೆ ಹೆಂಗೂ ನೀನು ಆರಿಸ್ತೀಯಲ್ಲ, ಸಿಗುತ್ತೆ. ಸಿಕ್ತು ಅಂತ ಒಂದು ಮಾತು ಬರಿ."

ಕೆಳಗೆ ಟೈಲ್ಸ್ ಅಂಗಡಿಯವರು ಷಟರ್ ಎತ್ತಿದ ಸದ್ದು ಕೇಳಿತು. ಪೋಸ್ಟ್‌ಮಾಸ್ಟರ್ ನನ್ನ ಸುಳ್ಳನ್ನು ಹಿಡಿದಿದ್ದರು, ಕ್ಷಮಿಸಿದ್ದರು. ಅದರ ಮೇಲೂ ನನ್ನನ್ನು ನಂಬಿ, ಗೊತ್ತಿದ್ದೂ ಗೊತ್ತಿದ್ದೂ, ತಮ್ಮ ಕಡೆಯ ಮಾತನ್ನು ಆ ಕಸದಲ್ಲಿ ಇಟ್ಟು ಕಾದಿದ್ದರು. ಆ ನಂಬಿಕೆಯ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ?

ಕಣ್ಣು ಒರೆಸಿಕೊಂಡು, "ಸಿಕ್ತು ಸರ್" ಎಂದು ಬರೆದು ಕಳಿಸಿದೆ. ಲಾಗ್ ನೋಡಿದೆ. ಒಂದು ಸೆಕೆಂಡಿನಲ್ಲಿ ತಲುಪಿದೆ ಎಂದು ಬಂತು.

ಆಮೇಲೆ ಬಾಣ ಅಳಿಸಿಹೋದ ಆ ಕೀಲಿಯ ಮೇಲೆ ಬೆರಳಿಟ್ಟು, ಮಿಕ್ಕದ್ದನ್ನು ಆರಿಸತೊಡಗಿದೆ.